ಪೋಷಕರ ತೃಪ್ತಿ, ಹೆಡ್ ಮೇಡಂ ಪಾಡು

ಸರ್ಕಾರಿ ಶಾಲೆಗೆ ಹೆಡ್ ಮೇಡಂ ಆದವಳು ನಗೋದಕ್ಕೆ ಅಂತ ಬೇರೆ ಹೊತ್ತು ಹುಡುಕಬೇಕಾಗಿಲ್ಲ. ಬೆಳಗ್ಗೆ ಪ್ರಾರ್ಥನೆ ಮುಗಿಯೋಷ್ಟರಲ್ಲಿ ಯಾವುದಾದರೊಂದು ಪ್ರಸಂಗ ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತೆ. ನಾನು ಕುಣಿಗಲ್ ಕಡೆ ಹೆಡ್ ಮೇಡಂ ಆದೆ, ಆಮೇಲೆ ಗುಬ್ಬಿ ತಾಲ್ಲೂಕಿನಲ್ಲಿ ಎರಡು ಊರು ನೋಡಿದೆ, ಈಗ ಕ್ಯಾತ್ಸಂದ್ರದ ಹತ್ತಿರ ಇದೀನಿ. ತರಬೇತಿಗಳಲ್ಲಿ ನಮ್ಮ ಕೆಲಸಕ್ಕೆ ‘ಉತ್ತಮ ಆಡಳಿತ’ ಅಂತ ಹೆಸರು. ಊರಲ್ಲಿ ಅದನ್ನೇ ‘ಮೇಡಮ್ನೋರು ಹೆಂಗವ್ರೆ?’ ಅಂತ ಕೇಳ್ತಾರೆ. ಎರಡಕ್ಕೂ ಉತ್ತರ ಹೇಳೋರು ಮಾತ್ರ ಊರವರೇ.

ತೆರೆದ ಬಾಗಿಲು

ಕುಣಿಗಲ್ ಕಡೆಯ ಶಾಲೆಯಲ್ಲಿದ್ದಾಗ ತುಮಕೂರಿನಲ್ಲಿ ಒಂದು ತರಬೇತಿ ಆಯಿತು. ಮುಖ್ಯಸ್ಥರ ಬಾಗಿಲು ಸದಾ ತೆರೆದಿರಬೇಕು, ಪೋಷಕರು ನಿರ್ಭಯವಾಗಿ ಬಂದು ಮಾತಾಡುವಂತಿರಬೇಕು ಅಂತ ಹೇಳಿಕೊಟ್ಟರು. ನನಗೆ ಅದು ತುಂಬಾ ಹಿಡಿಸಿತು. ವಾಪಸ್ ಬಂದವಳೇ ಪೋಷಕರ ಸಭೆ ಕರೆದು, ಇನ್ನು ಮೇಲೆ ನನ್ನ ರೂಮಿನ ಬಾಗಿಲು ಹಾಕೋದೇ ಇಲ್ಲ, ಯಾರು ಯಾವಾಗ ಬೇಕಾದರೂ ಬನ್ನಿ ಅಂದೆ.

ಸ್ವಲ್ಪ ದಿನ ಯಾರೂ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ಅಜ್ಜಿ ಬಂದರು. ಎದುರಿಗಿದ್ದ ಕುರ್ಚಿಯಲ್ಲಿ ಕೂತರು, ಸೆರಗಿನಿಂದ ಮುಖ ಒರೆಸಿಕೊಂಡರು, ಸುಮ್ಮನಾದರು. ಏನಜ್ಜಿ ವಿಷಯ ಅಂದರೆ, ಏನಿಲ್ಲ ಅಂದರು. ಪೋಷಕರು ತಾವಾಗಿ ಮಾತು ಶುರು ಮಾಡೋವರೆಗೂ ಕಾಯಬೇಕು ಅಂತಲೂ ತರಬೇತಿಯಲ್ಲಿ ಹೇಳಿದ್ದರು. ಕಾದೆ. ಶಾಲೆ ಬಿಡೋ ಹೊತ್ತಿಗೆ ಎದ್ದು ಹೋದರು. ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ ಹಾಗೇ.

ನನಗೆ ಭಯ ಶುರುವಾಯಿತು. ಮಗುವಿಗೆ ಯಾರಾದರೂ ಹೊಡೆದರೋ, ಮನೆಯಲ್ಲಿ ಏನಾದರೂ ತೊಂದರೆಯೋ? ಕ್ಲಾಸ್ ಟೀಚರನ್ನು ಗುಟ್ಟಾಗಿ ಕರೆದು ವಿಚಾರಿಸಿದೆ. ಪಾಪ, ಆಕೆ ಗಾಬರಿಯಾಗಿ, ಆ ಮಗುವನ್ನ ಜೋರಾಗಿ ಕರೆದೂ ಇಲ್ಲ ಅಂತ ಆಣೆ ಮಾಡಿದಳು. ಕೊನೆಗೆ ನಾನೇ ಅಜ್ಜಿಯ ಕೈ ಹಿಡಿದು, ಹೆದರಬೇಡಿ, ಈ ರೂಮಿಂದ ಮಾತು ಆಚೆ ಹೋಗಲ್ಲ ಅಂದೆ.

“ಹೆದರಾಕೇನೈತೆ ಕಣವ್ವ? ಮಧ್ಯಾನ ಆದ್ರೆ ನಮ್ ಬೀದೀಲಿ ಕರೆಂಟ್ ತೆಗೀತಾರೆ. ನಿಮ್ ಫ್ಯಾನು ಚೆನ್ನಾಗ್ ತಿರುಗ್ತದೆ. ನೀವೇ ಬಾಗ್ಲು ತೆಗ್ದಿರ್ತೀನಿ ಬನ್ನಿ ಅಂದ್ರಲ್ಲ,” ಅಂದರು. ಹಾಗಾದರೆ ಶಾಲೆಯ ಬಗ್ಗೆ ಕಂಪ್ಲೇಂಟ್ ಏನೂ ಇಲ್ವಾ ಅಂದೆ. ಅಜ್ಜಿ ಮೇಲೆ ನೋಡಿ ಸ್ವಲ್ಪ ಯೋಚನೆ ಮಾಡಿದರು. “ಇನ್ನೊಂದ್ ಚೂರು ಜೋರಾಗಿ ಇಟ್ರೆ ಅದೂ ಇರಾಕಿಲ್ಲ ಬುಡಿ.”

ಒಪ್ಪಿಗೆ

ಪ್ರತಿ ಸರ್ಕಾರಿ ಶಾಲೆಗೂ ಪೋಷಕರದ್ದೇ ಒಂದು ಮೇಲುಸ್ತುವಾರಿ ಸಮಿತಿ ಇರುತ್ತೆ. ಕುಣಿಗಲ್ ಕಡೆಯ ಅದೇ ಊರಲ್ಲಿ ಸಮಿತಿಯವರನ್ನ ಸಭೆಗೆ ಕರೆದು ಕರೆದು ಸಾಕಾಗಿ ಒಂದು ವಾಟ್ಸಾಪ್ ಗುಂಪು ಮಾಡಿದೆ. ಸಣ್ಣಪುಟ್ಟ ವಿಷಯಕ್ಕೆಲ್ಲ ಬರೋದು ಬೇಡ, ನಾನು ಹಾಕಿದ್ದಕ್ಕೆ ಒಪ್ಪಿಗೆ ಇದ್ದರೆ ಹೆಬ್ಬೆಟ್ಟು ಒತ್ತಿ ಸಾಕು ಅಂದೆ. ಚೆನ್ನಾಗೇ ನಡೀತಿತ್ತು.

ಒಂದು ಭಾನುವಾರ ದೊಡ್ಡ ಮಳೆಗೆ ಶಾಲೆಯ ಹಿಂದಿನ ಕಾಂಪೌಂಡ್ ಗೋಡೆ ಬಿದ್ದುಹೋಯಿತು. ರಜೆ, ಸದ್ಯ ಯಾರಿಗೂ ಏನೂ ಆಗಲಿಲ್ಲ. ಫೋಟೋ ತೆಗೆದು ಗುಂಪಿಗೆ ಹಾಕಿದೆ. ನೋಡನೋಡ್ತಿದ್ದಂತೆ ಎಲ್ಲರದ್ದೂ ಹೆಬ್ಬೆಟ್ಟು ಬಂತು. ಒಬ್ಬರು ಚಪ್ಪಾಳೆಯನ್ನೂ ಹಾಕಿದ್ದರು. ಆದರೆ ಸೋಮವಾರ ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ. ಬಿದ್ದ ಜಾಗದಿಂದ ದನ ನುಗ್ಗಿ ಮಕ್ಕಳು ಹಾಕಿದ್ದ ಸೊಪ್ಪಿನ ಮಡಿ ಮೇಯ್ದವು. ಸಿಟ್ಟು ಬಂದು ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ, ಫೋಟೋ ನೋಡಲಿಲ್ವಾ ಅಂತ.

“ನೋಡ್ದೆ ಮೇಡಂ, ಹೆಬ್ಬೆಟ್ಟು ಒತ್ತಿದ್ನಲ್ಲ. ಗೋಡೆ ಬಿದ್ದಿದ್ದಕ್ಕೆ ಸಮಿತಿಯವರದ್ದೆಲ್ಲ ಒಪ್ಪಿಗೆ ಐತೆ.”

ರುಚಿ ನೋಡೋ ಅತ್ತೆ

ನಿಟ್ಟೂರಿನ ಆಚೆ ಒಂದು ಸಣ್ಣ ಊರು. ಅಲ್ಲಿಗೆ ಬಂದಾಗ ಬಿಸಿಯೂಟವನ್ನ ದಿನಕ್ಕೊಬ್ಬ ತಾಯಿ ರುಚಿ ನೋಡಿದ ಮೇಲೇ ಮಕ್ಕಳಿಗೆ ಬಡಿಸಬೇಕು ಅಂತ ಗಟ್ಟಿ ಮಾಡಿದೆ. ಅಡುಗೆ ಮಾಡ್ತಿದ್ದಾಕೆ ಅದೇ ಊರಿನ ಸೊಸೆ. ಅವಳ ಮಗನೂ ನಮ್ಮಲ್ಲೇ ಓದುತ್ತಿದ್ದ; ತಾನು ಮಾಡಿದ್ದನ್ನ ತಾನೇ ರುಚಿ ನೋಡೋ ಹಾಗಿಲ್ಲವಲ್ಲ, ಆ ಮನೆಯ ಸರದಿ ಅವಳ ಅತ್ತೆಗೆ ಬಂತು. ಅತ್ತೆ ಬಂದರು, ಒಂದು ಸೌಟು ಸಾಂಬಾರ್ ಅಂಗೈಗೆ ಹಾಕಿಸಿಕೊಂಡು ನೆಕ್ಕಿದರು, ಏನೂ ಹೇಳದೆ ಹೋದರು. ಮಾರನೇ ದಿನ ಅವರ ಸರದಿ ಅಲ್ಲ. ಆದರೂ ಬಂದರು. ಆಮೇಲೆ ದಿನಾ ಬರೋದೇ ಆಯಿತು.

ಬೇರೆ ತಾಯಂದಿರು ಗೊಣಗಿದರು. ಸೊಸೆ ನನ್ನ ಹತ್ತಿರ ಬಂದು, ಮನೇಲೂ ಅವ್ರೇ, ಇಲ್ಲೂ ಅವ್ರೇ, ನಾನ್ ಎಲ್ಲಿಗೆ ಹೋಗ್ಲಿ ಮೇಡಂ ಅಂತ ಕಣ್ಣು ಒರೆಸಿಕೊಂಡಳು. ದಿನಾ ಬರಬೇಡಿ ಅಂತ ಅತ್ತೆಗೆ ಹೇಗೆ ಹೇಳೋದು ಅಂತ ನಾನು ಒದ್ದಾಡ್ತಿದ್ದಾಗಲೇ ತುಮಕೂರಿಂದ ಒಬ್ಬ ಅಧಿಕಾರಿ ಊಟದ ತಪಾಸಣೆಗೆ ಬಂದರು. ಒಲೆ ಪಕ್ಕದಲ್ಲಿ ಅತ್ತೆ ನಿಂತೇ ಇದ್ದರು. ದಿನಾ ಬರ್ತಾರೆ ಅಂತ ಯಾರೋ ಹೇಳಿಬಿಟ್ಟರು. ಅಧಿಕಾರಿಗೆ ಅನುಮಾನ ಬಂದು, ಯಾಕಮ್ಮ, ಅಡುಗೆ ಸರಿ ಇರಲ್ವಾ ಅಂತ ಕೇಳಿದರು. ಸೊಸೆಯ ಕೈಲಿದ್ದ ಸೌಟು ಹಾಗೇ ನಿಂತಿತು.

“ಚೆನ್ನಾಗಿರ್ತದೆ ಸಾಮಿ, ಬಲೇ ಚೆನ್ನಾಗಿರ್ತದೆ. ಇವ್ಳಿಗೆ ಇಷ್ಟು ಚೆನ್ನಾಗಿ ಮಾಡಾಕೆ ಬರ್ತದೆ ಅಂತ ನಂಗೆ ಇಲ್ಲಿಗ್ ಬಂದ್ಮೇಲೇ ಗೊತ್ತಾಗಿದ್ದು. ಮನೇಲಿ ಯಾಕ್ ಮಾಡಾಕಿಲ್ಲ ಅಂತ ನೀವೇ ಒಂದ್ ಮಾತು ಕೇಳಿ. ಅಲ್ಲೀಗಂಟ ನಾನ್ ಇಲ್ಲೇ ಉಣ್ತೀನಿ.”

ಪೂರ್ತಿ ತೃಪ್ತಿ

ಇದು ಮೊನ್ನೆ ಮೊನ್ನೆ, ಈಗಿನ ಶಾಲೆಯದ್ದು. ಸರ್ಕಾರಿ ಶಾಲೆಗಳ ಆಡಳಿತದ ಬಗ್ಗೆ ಪೋಷಕರಿಗೆ ಎಷ್ಟು ತೃಪ್ತಿ ಇದೆ ಅಂತ ಅಧ್ಯಯನ ಮಾಡೋಕೆ ಕಾಲೇಜಿನ ಒಬ್ಬ ಹುಡುಗಿ ಬಂದಳು. ಮೊಮ್ಮಗನ್ನ ಬಿಡೋಕೆ ಬಂದಿದ್ದ ಒಬ್ಬ ತಾತ ಮೊದಲು ಸಿಕ್ಕರು. ಪೂರ್ತಿ ತೃಪ್ತಿನಾ, ಸುಮಾರಾ, ಇಲ್ವೇ ಇಲ್ವಾ ಅಂತ ಕೇಳಿದಳು. ಕಿಟಕಿ ಹಿಂದೆ ನಾನು ಕಿವಿ ಅಲ್ಲೇ ಇಟ್ಟು ಕೂತಿದ್ದೆ.

ಇಲ್ವೇ ಇಲ್ಲ ಅಂದರು ತಾತ.

ಅವರ ಮೊಮ್ಮಗ ಓದೋಕೆ ಕಲಿತಿದ್ದು ನಮ್ಮಲ್ಲಿ. ಹುಡುಗಿ ಕಾರಣ ಕೇಳಿದಳು. ಬೆಳಗ್ಗೆ ಒಂದು ಲೋಟ ಟೀ ಕುಡಿದು ಬಂದೋನಿಗೆ ತೃಪ್ತಿ ಎಲ್ಲಿಂದ ಬರ್ತದವ್ವ ಅಂದರು. ನಾನು ತಕ್ಷಣ ಹೊರಗೆ ಹೋಗಿ, ನನ್ನ ಡಬ್ಬಿಯಲ್ಲಿದ್ದ ಚಿತ್ರಾನ್ನ ಅವರ ಮುಂದಿಟ್ಟೆ. ತಿಂದು ಕೈ ತೊಳೆದು ಅವರೇ ಹುಡುಗಿಯನ್ನ ಹತ್ತಿರ ಕರೆದರು.

“ಈಗ ಸುಮಾರು ಅಂತ ಬರ್ಕೊ. ಮಜ್ಜಿಗೆ ಕೊಟ್ರೆ ಪೂರ್ತಿ ಮಾಡ್ಕೊಳುವಂತೆ.”

ಬೀಗ

ಈ ಶಾಲೆಗೆ ಬರೋ ಮುಂಚೆ, ಗುಬ್ಬಿ ತಾಲ್ಲೂಕಿನ ಕಡಬದ ಕಡೆ ಒಂದು ಊರಲ್ಲಿ ನಾನು ಮನಸ್ಸಿಟ್ಟು ಕೆಲಸ ಮಾಡಿದ್ದೆ. ಪಟ್ಟಣದ ಕಾನ್ವೆಂಟಿಗೆ ಹೋಗ್ತಿದ್ದ ಮಕ್ಕಳು ಒಬ್ಬೊಬ್ಬರೇ ವಾಪಸ್ ಬಂದಿದ್ದರು. ಆದರೆ ಮನೆ ತುಮಕೂರಲ್ಲಿ, ಬಸ್ಸಲ್ಲಿ ಓಡಾಡಿ ಸೊಂಟ ಹಿಡಿದುಹೋಗಿತ್ತು. ನಾನೇ ಕೇಳಿಕೊಂಡು ವರ್ಗ ಮಾಡಿಸಿಕೊಂಡೆ, ಊರವರಿಗೂ ಹೇಳಿದೆ. ಅವರು ನಂಬಲಿಲ್ಲ. ಪಾಪ, ಮೇಲಿನೋರು ಒತ್ತಡ ಹಾಕವ್ರೆ, ಮೇಡಮ್ನೋರು ಬಾಯಿಬಿಟ್ಟು ಹೇಳಾಕಾಗ್ತಿಲ್ಲ ಅಂತ ತಾವೇ ತೀರ್ಮಾನ ಮಾಡಿ, ಶಾಲೆಗೆ ಬೀಗ ಹಾಕಿ ಪ್ರತಿಭಟನೆ ಮಾಡೋದು ಅಂತ ನಿಂತರು.

ಆ ದಿನ ಬೆಳಗ್ಗೆ ಸಮಿತಿಯ ಅಧ್ಯಕ್ಷರು ನನ್ನ ರೂಮಿಗೆ ಬಂದು ಕೈ ಕಟ್ಟಿ ನಿಂತರು. ಒಂದು ಸಹಾಯ ಆಗಬೇಕಿತ್ತು ಅಂದರು. ಬೀಗ ಹಾಕೋಕೆ ಜನ ಸೇರಿದಾರೆ, ಆದರೆ ಬೀಗ ತರೋದನ್ನ ಒಬ್ಬರ ಮೇಲೊಬ್ಬರು ಬಿಟ್ಟು ಯಾರೂ ತಂದಿಲ್ಲವಂತೆ. ಬೀರುವಿಂದ ಒಂದು ತೆಗೆದುಕೊಟ್ಟೆ. ಟಿವಿಯವರು ಬಂದರೂ ಬರಬಹುದು, ಸ್ವಲ್ಪ ದೊಡ್ಡದು ಇದ್ರೆ ಅಂದರು. ಸ್ಟೋರ್ ರೂಮಿಂದು ಬಿಚ್ಚಿಕೊಟ್ಟೆ. ಆಮೇಲೆ ಬ್ಯಾನರ್ ತಂದು ತೋರಿಸಿದರು. ‘ಮುಖ್ಯೋಪಾಧ್ಯಾಯಿನಿ’ ತಪ್ಪು ಬರೆದಿದ್ದರು. ಮಕ್ಕಳು ನೋಡ್ತಾರಲ್ಲ ಅಂತ ಅದನ್ನೂ ತಿದ್ದಿಕೊಟ್ಟೆ. ಗೇಟಿಗೆ ಬೀಗ ಬಿತ್ತು. ಮಕ್ಕಳನ್ನ ಹೊರಗೆ ಹೊಂಗೆ ಮರದ ಕೆಳಗೆ ಕೂರಿಸಿ ನಾವು ಪಾಠ ಶುರು ಮಾಡಿದೆವು.

ಮಧ್ಯಾಹ್ನದ ಹೊತ್ತಿಗೆ ಗುಬ್ಬಿಯಿಂದ ಅಧಿಕಾರಿ ಜೀಪಲ್ಲಿ ಬಂದರು. ಎಲ್ಲರ ಮಾತನ್ನೂ ಸಮಾಧಾನವಾಗಿ ಕೇಳಿ, ವರ್ಷದ ಪರೀಕ್ಷೆ ಮುಗಿಯೋವರೆಗೂ ನನ್ನನ್ನ ಅಲ್ಲೇ ಇಟ್ಟುಕೊಳ್ಳೋದಾಗಿ ಒಪ್ಪಿದರು. ನಾನೂ ಹೂಂ ಅಂದೆ. ಸೊಂಟ ನೋಯ್ತಿತ್ತು ನಿಜ, ಆದರೆ ಅಷ್ಟು ಜನ ಬಿಸಿಲಲ್ಲಿ ನಿಂತಿದ್ದು ನೋಡಿ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಇನ್ನೇನು ಮುಗೀತು ಅನ್ನುವಾಗ ಅಧಿಕಾರಿಯ ಕಣ್ಣು ಗೇಟಿನ ಮೇಲೆ ಬಿತ್ತು. ಬೀಗದ ಮೇಲೆ ಬಿಳಿ ಬಣ್ಣದಲ್ಲಿ ಶಾಲೆಯ ಹೆಸರೇ ಬರೆದಿತ್ತು. ಸರ್ಕಾರಿ ಶಾಲೆಗೆ ಹಾಕೋಕೆ ಸರ್ಕಾರದ ಬೀಗಾನೇ ಕೊಟ್ಟೋರು ಯಾರು ಅಂತ ಗದರಿದರು. ನಾನು ನೆಲ ನೋಡಿದೆ. ಅಧ್ಯಕ್ಷರು ಮಾತ್ರ ಎದೆ ಸೆಟೆಸಿ ಮುಂದೆ ಬಂದರು.

“ಮೇಡಮ್ನೋರೇ ಕೊಟ್ರು ಸಾರ್. ಊರವರು ಏನ್ ಕೇಳಿದ್ರೂ ಇವತ್ತಿನವರ್ಗೂ ಇಲ್ಲ ಅಂದೋರಲ್ಲ. ಅದ್ಕೇ ಸಾರ್, ಇವ್ರೇ ಬೇಕು ಅಂತ ನಾವ್ ಬೀಗ ಹಾಕಿರೋದು.”