ಭಾಲ್ಕಿಯಲ್ಲಿ ನನ್ನ ಖಾಲಿ ಮನೆ

ಮನೆಯಲ್ಲಿ ಸಾಮಾನು ಕಡಿಮೆ ಇಟ್ಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಬೆಳೆದದ್ದು ಬೀದರಿನಲ್ಲಿ. ಅಲ್ಲಿ ಹಂಡೆ, ಪೆಟ್ಟಿಗೆ, ಹಿತ್ತಾಳೆ ಕೊಡಗಳ ಸಾಲು ದಾಟದೆ ಬಾಗಿಲು ಮುಟ್ಟುವಂತಿರಲಿಲ್ಲ. ಬಿ.ಎಸ್ಸಿ. ಮುಗಿಸಿ ಭಾಲ್ಕಿಗೆ ವಿಜ್ಞಾನದ ಮಾಸ್ತರನಾಗಿ ಬಂದಾಗ ಒಂದು ನಿಯಮ ಮಾಡಿಕೊಂಡೆ: ದಿನಾ ಬಳಸದ ವಸ್ತು ಒಳಗೆ ಬೇಡ. ಬಿಳಿ ಗೋಡೆ, ಒಂದು ಚಾಪೆ, ಒಂದು ಟ್ರಂಕು, ಒಂದು ಕೊಡ, ಕಿಟಕಿಯಲ್ಲಿ ಕಂದೀಲು. ನನ್ನ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು.

೧. ಬಂದ ಸಾಮಾನು

ಮನೆಯ ಒಡತಿ ಪಕ್ಕದಲ್ಲೇ ಇದ್ದ ಮುದುಕಿ. ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಕೆಲವು ದಿನ ಬಾಗಿಲಲ್ಲಿ ಇಣುಕಿ ಹೋದರು. ಕಡೆಗೆ ಕೇಳಿದರು.

"ಸಾಮಾನು ಯಾವ ಗಾಡಿಗೆ ಬರ್ತದರಿ, ಮಾಸ್ತರ?"

"ಬಂದದರಿ."

"ಎಲ್ಲಿ?"

ನಾನು ಟ್ರಂಕು ತೋರಿಸಿದೆ. ಸಂಜೆ ಆಯಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆ ಸುಟ್ಟುಹೋದ ಸಂಗತಿ ಮೊದಲೇ ಹೇಳಬಾರದಿತ್ತೇ ಎಂದರು. ನಮ್ಮ ಮನೆ ಎಂದೂ ಸುಟ್ಟಿರಲಿಲ್ಲ. ಆದರೆ ಪಲ್ಯ ಬಹಳ ಚೆನ್ನಾಗಿತ್ತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

೨. ಒಂದು ಮೊಳೆ

ಹೈದರಾಬಾದ್ ರಾಜ್ಯ ಒಡೆಯುತ್ತದೆಂಬ ಸುದ್ದಿಯ ಕಾಲ. ಭಾಲ್ಕಿ ಮೈಸೂರಿಗೋ ಮುಂಬಯಿಗೋ ಎಂದು ಚಹಾದಂಗಡಿಯಲ್ಲಿ ದಿನವೂ ವಾದ. ಎದುರುಮನೆಯ ತೊಗರಿ ಸಾಹುಕಾರರು ಅಂಗಡಿಯ ಹೊಸ ಬೋರ್ಡಿಗೆ ಹಸಿರು ಬಣ್ಣ ಬಳಿಸಿ ಇಟ್ಟಿದ್ದರು. ಕನ್ನಡದಲ್ಲಿ ಬರೆಸಬೇಕೋ ಮರಾಠಿಯಲ್ಲೋ ತಿಳಿಯದೆ ಅಕ್ಷರ ಬರೆಸುವುದು ನಿಂತಿತ್ತು.

ನನ್ನ ಮನೆ ನೋಡಿದ ಮೇಲೆ ಅವರಿಗೆ ಒಂದು ಹೊಳೆಯಿತು. ಮಾಸ್ತರ ಸರ್ಕಾರಿ ಮನುಷ್ಯ, ಒಳಗಿನ ಖಬರು ಸಿಕ್ಕಿದೆ, ಅದಕ್ಕೇ ಗಂಟು ಬಿಚ್ಚಿಲ್ಲ ಎಂದು ಓಣಿಗೆಲ್ಲ ಹೇಳಿದರು. ನನಗೆ ಯಾವ ಖಬರೂ ಇಲ್ಲವೆಂದೆ. ಖಬರು ಇದ್ದವರು ಹಾಗೇ ಅನ್ನುತ್ತಾರೆ ಎಂದರು.

ರವಿವಾರ ಅಂಗಿ ತೂಗುಹಾಕಲು ಗೋಡೆಗೆ ಒಂದು ಮೊಳೆ ಹೊಡೆದೆ. ಸಪ್ಪಳ ಕೇಳಿ ಸಾಹುಕಾರರು ಓಡಿ ಬಂದರು. ಮೊಳೆ ಹಿಡಿದು ಎಳೆದು ನೋಡಿದರು. ಅಲುಗಲಿಲ್ಲ. ಮಾಸ್ತರ ಇಲ್ಲೇ ಉಳಿಯುವವನು, ಅಂದರೆ ಊರು ಮೈಸೂರಿಗೇ ಎಂದರು. ಸಂಜೆಯೊಳಗೆ ಬೋರ್ಡು ಕನ್ನಡದಲ್ಲಿ ತಯಾರಾಯಿತು. ಸರ್ಕಾರದ ತೀರ್ಮಾನ ಅದಾದ ಮೇಲೆ ಬಂತು.

೩. ತುಂಬಿದ ಮನೆ

ನಾವು ಮೈಸೂರು ರಾಜ್ಯದವರಾದ ಮೇಲೆ ನನಗೆ ಸಂಬಂಧ ಬಂತು. ಹುಡುಗಿ ಔರಾದ ತಾಲೂಕಿನ ಚಿಂತಾಕಿಯವಳು. ಬೀದರಿನಲ್ಲಿ ಅಕ್ಕನ ಮನೆಯಲ್ಲಿ ನೋಡಿದ್ದೆ. ಆಡಿದ್ದು ನಾಲ್ಕೇ ಮಾತು. ನಾಲ್ಕೂ ಸರಿಯಾಗಿದ್ದವು. ಮದುವೆಯಾದರೆ ಇವಳನ್ನೇ ಎಂದುಕೊಂಡೆ. ಅವಳ ತಂದೆ ಮಾತ್ರ, ಹುಡುಗನ ಮನೆ ನೋಡಿದ ಮೇಲೆಯೇ ಹೂಂ ಅನ್ನುವುದು ಎಂದಿದ್ದರು.

ಅವರು ಬರುವ ದಿನ ಆಯಿ ನನ್ನನ್ನು ಕೂರಿಸಿ, ಖಾಲಿ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಬುದ್ಧಿ ಹೇಳಿದರು. ಮನೆ ಹೀಗೇ ಇರಲಿ ಎಂದು ನಾನು ಸಾಲಿಗೆ ಪಾಠ ಹೇಳಲು ಹೋದೆ. ಮರಳಿ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಓಣಿಯ ಹಿತ್ತಾಳೆ ಕೊಡಗಳೆಲ್ಲ ಗೋಡೆಯುದ್ದಕ್ಕೂ ಒಂದರ ಮೇಲೊಂದು ಕೂತಿದ್ದವು. ಸಾಹುಕಾರರ ಮಂಚ, ಯಾರದೋ ನಿಲುವುಗನ್ನಡಿ, ಬೀಸುವ ಕಲ್ಲು ಕೂಡ. ತೆಗೆಸಬೇಕೆನ್ನುವಷ್ಟರಲ್ಲಿ ಹುಡುಗಿಯ ತಂದೆ ಬಂದುಬಿಟ್ಟರು.

ಮಂಚದ ಮೇಲೆ ಕೂತರು. ಸುತ್ತ ನೋಡಿದರು. ಮುಖ ಸಣ್ಣದಾಯಿತು. ಚಹಾ ಮುಟ್ಟಲಿಲ್ಲ.

ಅಷ್ಟರಲ್ಲಿ ನೀರು ಸೇದುವ ಹೊತ್ತಾಯಿತು. ಒಬ್ಬ ಹೆಂಗಸು ಮೆಲ್ಲಗೆ ಬಂದು ತನ್ನ ಕೊಡ ಎತ್ತಿಕೊಂಡು ಹೋದಳು. ಹಿಂದೆ ಇನ್ನೊಬ್ಬಳು. ಆಮೇಲೆ ಸಾಲು ಹಿಡಿದೇ ಬಂದರು. ಕನ್ನಡಿ ಹೋಯಿತು, ಬೀಸುವ ಕಲ್ಲು ಉರುಳಿತು. ಕಡೆಗೆ ಸಾಹುಕಾರರು ಬಂದು, ನಮ್ಮಲ್ಲಿ ಬೀಗರು ಬಂದಾರ, ಸ್ವಲ್ಪ ಏಳ್ರಿ ಯಜಮಾನ್ರ, ಎಂದು ಮಂಚವನ್ನೂ ಹೊರಿಸಿಕೊಂಡು ಹೋದರು.

ಹುಡುಗಿಯ ತಂದೆ ನನ್ನ ಚಾಪೆಯ ಮೇಲೆ ಕೂತರು. ಬಾಗಿಲಲ್ಲಿ ಆಯಿ ಹಣೆಗೆ ಕೈ ಹಚ್ಚಿ ನಿಂತಿದ್ದರು. ಸಂಬಂಧ ಮುರಿಯಿತು ಎಂದುಕೊಂಡೆ.

ಹುಡುಗಿಯ ತಂದೆ ದೊಡ್ಡ ಉಸಿರು ಬಿಟ್ಟರು.

"ಅಂಜಿದ್ದೆ ನೋಡ್ರಿ. ಇಷ್ಟು ತುಂಬಿದ ಮನ್ಯಾಗ ನನ್ನ ಮಗಳ ಸಾಮಾನು ಎಲ್ಲಿಡೋದಂತ. ಮೂರು ಬಂಡಿ ಅದ."

ಎದ್ದು ಗೋಡೆ ತಟ್ಟುತ್ತ ತಿರುಗಿದರು. ಮಂಚ ಇಲ್ಲಿ, ಕಪಾಟು ಅಲ್ಲಿ, ಕೊಡಗಳು ಆ ಗೋಡೆಗೆ, ನಡುವೆ ಹೊಲಿಗೆ ಮಷಿನ್ನು. ಚಾಪೆಯನ್ನು ತಾವೇ ಸುತ್ತಿ ನನ್ನ ಕೈಗೆ ಕೊಟ್ಟರು.

"ನಾ ಎಲ್ಲಿ ಕೂಡ್ಲಿರಿ, ಮಾವಾರ?" ಎಂದೆ.

ಅವರು ಮತ್ತೊಮ್ಮೆ ಸುತ್ತ ನೋಡಿ ಲೆಕ್ಕ ಹಾಕಿದರು.

"ನಿಮಗ ಸಾಲಿ ಅದಲ್ಲರಿ."