ದೀಪದ ತಂತಿಯಲ್ಲಿ ಸುದ್ದಿ ಕಳಿಸಿದ ಅತ್ತೆ

ನಮ್ಮ ಅತ್ತೆಗೆ ತಲೆ ಕೆಟ್ಟಿದೆ ಎಂದು ಇಡೀ ಯಲಹಂಕವೇ ನಂಬಿತ್ತು. ನಾನೂ ನಂಬಿದ್ದೆ, ಅದೂ ಬಹಳ ಹೆಮ್ಮೆಯಿಂದ! ಎಲ್ಲರೂ ಹಪ್ಪಳ ಒಣಹಾಕುವ ಅಂಗಳದಲ್ಲಿ ವ್ಯಾನಿನ ತಂತಿಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂರುವ ಅತ್ತೆ ಎಷ್ಟು ಜನಕ್ಕಿದ್ದಾರೆ, ಹೇಳಿ?

ಅಪ್ಪನ ಅಕ್ಕನಾದ ಇವರು ಧಾರವಾಡದಿಂದ ಬಂದು ಇಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಮಾವ ಒಂದು ಹಳೆಯ ವ್ಯಾನಿನಲ್ಲಿ ಕೆಲಸಗಾರರನ್ನು ಯಶವಂತಪುರದ ಕಾರ್ಖಾನೆಗಳಿಗೆ ಕರೆದೊಯ್ಯುತ್ತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳು. ಇಳಿಯಬೇಕಾದವರು ವ್ಯಾನಿನ ಮೈಗೆ ದಬದಬ ಬಡಿಯುವುದು ವಾಡಿಕೆ. ಒಂದು ದಿನ ಅತ್ತೆ ಘೋಷಿಸಿದರು:

"ಇನ್ನ ಬಡಿಯೋದು ಬಂದ್! ಹಿಂದ ಗುಂಡಿ ಒತ್ತಿದ್ರ ನಿಮ್ಮ ಮಾವನ ಎದುರು ದೀಪ ಹತ್ತಬೇಕು. ಹಿಂದಿನ ಲೈಟಿಗೆ ಕರೆಂಟ್ ಹೋಗ್ತದಲ್ಲ, ಅದೇ ತಂತ್ಯಾಗ ಸುದ್ದಿ ಬರಬೇಕು."

"ಒಂದೇ ತಂತೀಲಿ ಎರಡೂ ಹೆಂಗೆ ಅತ್ತೆ?"

"ಕಾಲುವ್ಯಾಗ ನೀರು ಹಿಂದಕ್ಕ ಹರೀತದ, ಕಪ್ಪಿ ಮುಂದಕ್ಕ ಈಸ್ತದ. ಒಂದಕ್ಕೊಂದು ಅಡ್ಡ ಬರ್ತದೇನು?"

ಮೊದಲ ಸವಾರಿಗೆ ನಾನೂ ಹೋದೆ. ಕಪ್ಪೆಯೇನೋ ಈಜಿತು! ಆದರೆ ಹಾರ್ನ್ ಹೊಡೆದಾಗಲೆಲ್ಲ ಅದರ ಕರೆಂಟಿನ ಗದ್ದಲವೂ ಅದೇ ತಂತಿಗೆ ನುಗ್ಗಿ ದೀಪ ಹತ್ತಿಸುತ್ತಿತ್ತು. ಅಲ್ಲಾಳಸಂದ್ರ ಕೆರೆಯ ಬಳಿ ಒಂದು ಎಮ್ಮೆ ಅಡ್ಡ ಬಂತು. ಮಾವ ಹಾರ್ನ್ ಹೊಡೆದರು, ದೀಪ ಹತ್ತಿತು, ವ್ಯಾನ್ ಗಕ್ಕನೆ ನಿಂತಿತು. ಎಮ್ಮೆ ದಾರಿ ಬಿಟ್ಟಿತು, ವ್ಯಾನ್ ಕದಲಲಿಲ್ಲ.

"ಯಾರೂ ಇಳಿಯಲ್ಲ, ಹೋಗಣ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಮಾವ ಹಾಗೇ ಕೂತಿದ್ದರು.

"ಏನ್ ಗುರು, ಎಮ್ಮೆ ಹತ್ತಲಿ ಅಂತ ಕಾಯ್ತಿದ್ದೀರಾ?"

ಅತ್ತೆ ಎದೆಗುಂದುವವರೇ? ಆ ಸಂಜೆಯೇ, ಮನೆ ತುಂಬ ನೆಂಟರಿರುವಾಗ, "ಈಗಲೇ ಒಂದು ಫಿಲ್ಟರ್ ಹಾಕ್ತೀನಿ" ಎಂದು ಒಳಗೆ ಹೋದರು. ನೆಂಟರು ಕಾದರು, ಇನ್ನೂ ಕಾದರು. ಕೊನೆಗೆ ಹೊರಬಂದದ್ದು ಕಾಫಿಯಲ್ಲ, ಗುಂಡಿಯ ಸುದ್ದಿಯನ್ನು ಮಾತ್ರ ಒಳಬಿಟ್ಟು ಹಾರ್ನಿನ ಗದ್ದಲವನ್ನು ಹೊರಗೇ ತಡೆಯುವ ಒಂದು ಪುಟ್ಟ ತಗಡಿನ ಡಬ್ಬಿ!

ಮರುದಿನ ಹೆಬ್ಬಾಳದ ಗದ್ದಲದಲ್ಲೂ ದೀಪ ಗುಂಡಿಗೆ ಮಾತ್ರ ಹತ್ತಿತು. "ನಮ್ಮತ್ತೆ ಮಾಡಿದ್ದು ಕಣ್ರೀ!" ಎಂದು ವ್ಯಾನಿನಲ್ಲಿದ್ದ ಒಬ್ಬೊಬ್ಬರಿಗೂ ಹೇಳಿದೆ. ಮಾವನ ಪಕ್ಕದಲ್ಲೇ ಕೂತು ಅವರಿಗೂ ಹೇಳಿದೆ. ಅವರು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ. ತಿರುಗಲಿಲ್ಲ.

ಮನೆಗೆ ಬಂದ ಕೂಡಲೇ ಅತ್ತೆಯನ್ನು ಕೇಳಿದೆ: "ಮಾವನಿಗೆ ಕಿವಿ ಕೇಳಿಸಲ್ವಾ?"

ಅತ್ತೆ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟರು.

"ಹಿಂದ ಬಡದದ್ದು ಕೇಳೂದಿಲ್ಲ. ಹೋದ ತಿಂಗಳ ಒಬ್ಬಾಕಿ ಇನ್ನೂ ಇಳೀತಿದ್ಲು, ತಡೀರಿ ಅಂತ ಎಲ್ಲಾರೂ ಬಡದ್ರೂ ಇವರು ಗಾಡಿ ಬಿಟ್ಟರು. ಪುಣ್ಯಾಕ್ಕ ಏನೂ ಆಗಲಿಲ್ಲ. ಆ ರಾತ್ರಿ ಊಟ ಬಿಟ್ಟು ಕೂತಿದ್ರು."

"ಇನ್ನೊಂದು ತಂತಿ ಎಳೆದು ಸುಮ್ನೆ ದೀಪ ಹಾಕಿದ್ರೆ ಸಾಕಿತ್ತಲ್ವಾ?"

"ಹಂಗ ಹಾಕಿದ್ರ ಯಾಕ ಅಂತ ಕೇಳ್ತಾರ. ಹುಚ್ಚಿ ಮಾಡ್ಯಾಳ ಅಂದ್ರ ಯಾರೂ ಕೇಳೂದಿಲ್ಲ. ನನಗ ಏನರೆ ಅನ್ನಲಿ. ಅವರಿಗೆ ಕಿವುಡ ಅಂತ ಯಾರೂ ಅನಬಾರದು."

ಅಂಗಳದಲ್ಲಿ ವ್ಯಾನ್ ಒರೆಸುತ್ತಿದ್ದ ಮಾವ ನಮ್ಮತ್ತ ನೋಡಿ, "ಏನ್ ನಡದದ ಒಳಗ?" ಎಂದರು.

ಅತ್ತೆ ಕೂತಲ್ಲಿಂದ ಉತ್ತರ ಕೊಡಲಿಲ್ಲ. ಎದ್ದು ಅಂಗಳ ದಾಟಿ, ಅವರ ಮುಖದ ಎದುರಿಗೇ ನಿಂತು, ಮೆಲ್ಲಗೆ ಹೇಳಿದರು: "ಚಹಾ ಆಗ್ಯದ, ಬರ್ರಿ."