ಮೊನ್ನೆ ಹಿಡಿದ ನೀರು

ಸಂಶಯಪಡುವುದು ನನ್ನ ಹುಟ್ಟುಗುಣ. ತರಕಾರಿಯವಳ ತಕ್ಕಡಿ, ಹಾಲಿನವನ ಕ್ಯಾನು, ಸಿಟಿ ಬಸ್ಸಿನ ಬೋರ್ಡು ಯಾವುದನ್ನೂ ನಾನು ಒಂದೇ ಸಲಕ್ಕೆ ನಂಬಿದವನಲ್ಲ. ಎಂಬತ್ತರ ದಶಕದಲ್ಲಿ ಅತ್ತಿಗುಪ್ಪೆಯ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದಾಗ ಹೊಸ ಪಠ್ಯಪುಸ್ತಕವನ್ನೂ ನಂಬಲಿಲ್ಲ. ರಾಜರು, ಕೋಟೆಗಳು ಎಂದು ನೆಮ್ಮದಿಯಾಗಿದ್ದ ಪುಸ್ತಕದ ಕೊನೆಗೆ, ನೆಲ, ನೀರು, ಕಾಡು ನಮ್ಮೊಬ್ಬರ ಸ್ವತ್ತಲ್ಲ, ಮುಂದೆ ಬರುವವರಿಗೂ ಉಳಿಸಬೇಕು ಎಂಬ ಪಾಠವೊಂದು ಬಂದು ಕೂತಿತ್ತು. ರಾಜರ ಪಾಠದಲ್ಲಿ ತಪ್ಪು ಮಾಡಿದವರೆಲ್ಲ ಸತ್ತುಹೋಗಿರುತ್ತಾರೆ, ಮೇಷ್ಟ್ರಿಗೆ ತೊಂದರೆಯಿಲ್ಲ. ಇಲ್ಲಿ ಹಾಗಲ್ಲ. 'ನಿಮ್ಮ ಸುತ್ತಮುತ್ತ ನೀರು ಪೋಲಾಗುವುದನ್ನು ಗಮನಿಸಿ ಬರೆಯಿರಿ' ಎಂಬ ಚಟುವಟಿಕೆ ಬೇರೆ ಇತ್ತು.

ಮಕ್ಕಳು ಬರೆದು ತಂದರು. 'ನಮ್ಮ ಮನೆಯಲ್ಲಿ ಯಾರೂ ನೀರು ಪೋಲು ಮಾಡುವುದಿಲ್ಲ.' ಎಲ್ಲರದೂ ಇದೇ ಮಾತು. ನಮ್ಮ ವಿಜಯನಗರ ಬಡಾವಣೆಯ ತುಂಬ ಇಷ್ಟೊಂದು ಸತ್ಯವಂತರೇ? ಅಪ್ಪಂದಿರೇ ಹೇಳಿ ಬರೆಸಿದ್ದಾರೆ ಎಂದುಕೊಳ್ಳುತ್ತ ಕೊನೆಯ ಪುಸ್ತಕ ತೆರೆದೆ. ಅದು ನಮ್ಮ ಎದುರುಮನೆಯ ಹುಡುಗಿ ಪುಷ್ಪಲತಾಳದು. 'ಎದುರುಮನೆಯಲ್ಲಿ ನಲ್ಲಿ ಬರುವ ದಿನ, ಮೊನ್ನೆ ಹಿಡಿದ ನೀರನ್ನು ನಾಲ್ಕು ಕೊಡ ಮೋರಿಗೆ ಸುರಿದು ಹೊಸದು ಹಿಡಿಯುತ್ತಾರೆ. ಅದು ನಮ್ಮ ಸಾರ್ ಮನೆ.'

ಪುಸ್ತಕವನ್ನು ಥಟ್ಟನೆ ಮುಚ್ಚಿದೆ. ಶನಿವಾರ ಈ ಪುಸ್ತಕಗಳೆಲ್ಲ ಹೆಡ್‌ಮಿಸ್ಟ್ರೆಸ್ ಮೇಜಿಗೆ ಹೋಗಬೇಕಿತ್ತು. ಅಲ್ಲಿಂದ ಇನ್ಸ್‌ಪೆಕ್ಟರ್ ಕೈಗೆ. ಇಪ್ಪತ್ತು ವರ್ಷ ಕಾಪಾಡಿಕೊಂಡ ಮಾನ ಹೋಗುವುದಕ್ಕೆ ಮೂರು ದಿನವಿತ್ತು. ಮನೆಗೆ ಹೋದವನೇ ಹೆಂಡತಿಯನ್ನು ವಿಚಾರಣೆಗೆ ಹಿಡಿದೆ.

"ಹಳೇ ನೀರು ಕುಡಿದ್ರೆ ಗಂಟಲು ಕೆರೆಯತ್ತೆ ಅಂತ ರಾಗ ಎಳೆಯೋರು ಯಾರು?" ಎಂದಳು. "ಸುರಿಯೋರೂ ನೀವೇ. ಹಿಡಿಯೋದು ಮಾತ್ರ ನಾನು."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೂ ಸಿಟ್ಟೇ ಬಂತು. ಕೆರೆಯಲ್ಲಿ ವರ್ಷಗಟ್ಟಲೆ ನಿಂತ ನೀರು ನಮ್ಮ ಕೊಡದಲ್ಲಿ ಎರಡೇ ದಿನಕ್ಕೆ ಹಳತಾಗುತ್ತದೆ ಎಂಬ ಶಾಸ್ತ್ರವನ್ನು ನಮ್ಮಮ್ಮನಿಂದ ಕಲಿತವನು ನಾನು. ಪಾಠ ಮಾಡುವಾಗ ಅದು ನೆನಪಿಗೇ ಬಂದಿರಲಿಲ್ಲ.

ಮರುದಿನ ಪುಷ್ಪಲತಾಳನ್ನು ಕರೆದು, ಪುಸ್ತಕ ವಾಪಸು ಕೊಟ್ಟು, "ಇನ್ಮೇಲೆ ಸುರಿಯಲ್ಲಮ್ಮ. ಹಾಗಂತ ಬರ್ಕೊಂಡು ಬಾ," ಎಂದೆ.

"ಆಗ್ಲಿ ಸಾರ್. ನೋಡ್ಬಿಟ್ಟು ಬರೀತೀನಿ."

"ನೋಡೋದೇನು? ನಾನೇ ಹೇಳ್ತಾ ಇದೀನಲ್ಲ?"

"ಗಮನಿಸಿ ಬರೆಯಿರಿ ಅಂತ ಪುಸ್ತಕದಲ್ಲಿದೆ ಸಾರ್."

ಶನಿವಾರ ಬೆಳಿಗ್ಗೆ ಪುಸ್ತಕ ತಂದುಕೊಟ್ಟಳು. 'ಸಾರ್ ಈಗ ಮುಂದಿನ ಮೋರಿಗೆ ನೀರು ಸುರಿಯುವುದಿಲ್ಲ. ಮೊದಲು ನಮ್ಮ ಕಿಟಕಿ ನೋಡುತ್ತಾರೆ. ಆಮೇಲೆ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾರೆ. ಅಲ್ಲಿ ಏನು ಮಾಡುತ್ತಾರೋ ನನಗೆ ಕಾಣುವುದಿಲ್ಲ.'

ಅಷ್ಟು ಚಿಕ್ಕ ಹುಡುಗಿಗೆ ಇಷ್ಟೊಂದು ಸಂಶಯವೇ ಎಂದು ಬೇಸರವಾಯಿತು. 'ಗಿಡಗಳಿಗೆ ಹಾಕುತ್ತಾರೆ' ಎಂದು ಪಕ್ಕದಲ್ಲಿ ಬರೆಯಲು ಕೆಂಪು ಪೆನ್ನು ತೆರೆದೆ. ನಮ್ಮ ಹಿತ್ತಲಲ್ಲಿ ಬಚ್ಚಲ ಮೋರಿ ಬಿಟ್ಟರೆ ಬೇರೇನೂ ಇಲ್ಲ ಎಂಬುದು ನೆನಪಾಗಿ, ಹತ್ತಕ್ಕೆ ಹತ್ತು ಹಾಕಿ ಸಹಿ ಮಾಡಿದೆ.